ಶಾಲೆಯ ಮಕ್ಕಳ ಕೈಯಲ್ಲಿ ಅಪ್ಪನ ಫೋನು: ಏನೇನು ಮಾಡಿಡಬೇಕು

ಮುಂಬಯಿ, ಡೊಂಬಿವಲಿ, ಪುಣೆ, ವಾಸ್ಕೋ ಕಡೆಯ ಕನ್ನಡಿಗ ಅಪ್ಪ-ಅಮ್ಮಂದಿರು ಮತ್ತೆ ಮತ್ತೆ ಕೇಳುವುದು ಒಂದೇ: "ಮಕ್ಕಳಿಗೆ ಫೋನ್ ಕೊಡಬೇಕೋ ಬೇಡವೋ?" ಕೊಟ್ಟಾಗಿದೆ. ಹೋಮ್‌ವರ್ಕ್ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ, ಟ್ಯೂಷನ್ ಟೀಚರ್ ಯೂಟ್ಯೂಬ್ ಲಿಂಕ್ ಕಳಿಸುತ್ತಾರೆ, ಹತ್ತನೇ ಕ್ಲಾಸಿನ ರಿಸಲ್ಟ್ ನೋಡುವುದೂ ಫೋನಿನಲ್ಲೇ. ಕೊಡುವ ಮೊದಲು ಅದರಲ್ಲಿ ಏನು ಮುಚ್ಚಿದಿರಿ, ಏನು ತೆರೆದಿಟ್ಟಿರಿ ಅನ್ನುವುದಷ್ಟೇ ಈಗ ಉಳಿದ ಪ್ರಶ್ನೆ.

ಈ ವಿಷಯದ ಬಹುಪಾಲು ಸಲಹೆಗಳು ಮಗುವಿಗೆ ಸ್ವಂತ ಫೋನು, ಸ್ವಂತ ಕೋಣೆ ಇದೆ ಅಂದುಕೊಂಡು ಬರೆದವು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಖೋಲಿ, ನಾಲ್ಕು ಜನ, ಒಂದೇ ಒಳ್ಳೆಯ ಫೋನು. ಅಪ್ಪ ಹೋಟೆಲಿನ ಪಾಳಿ ಮುಗಿಸಿ ಮಲಗಿದ ಮೇಲೆ ಅದು ಮಗನ ಕೈಗೆ. ಅದರಲ್ಲೇ ಬ್ಯಾಂಕು, ಅದರಲ್ಲೇ ಯುಪಿಐ, ಅದರಲ್ಲೇ ಊರಿನ ಫ್ಯಾಮಿಲಿ ಗ್ರೂಪು. ಹಾಗಾಗಿ ಹಂಚಿಕೊಂಡ ಫೋನಿನಿಂದಲೇ ಶುರು ಮಾಡೋಣ.

ಬೇಕಾದದ್ದು ಇಷ್ಟು: ಒಂದೂವರೆ ಗಂಟೆ ಬಿಡುವು, ಚಾರ್ಜ್ ಆದ ಫೋನು (ಮಗುವಿಗೆ ಬೇರೆ ಇದ್ದರೆ ಎರಡೂ), ನಿಮ್ಮ ಗೂಗಲ್ ಖಾತೆಯ ಪಾಸ್‌ವರ್ಡ್, ಒಂದು ಹಾಳೆ ಮತ್ತು ಪೆನ್ನು. ಮಗು ಪಕ್ಕದಲ್ಲೇ ಕೂತಿರಲಿ. ಗುಟ್ಟಾಗಿ ಹಾಕಿದ ಬೀಗವನ್ನು ಹನ್ನೆರಡರ ಹುಡುಗ ಯೂಟ್ಯೂಬ್ ನೋಡಿ ಅರ್ಧ ದಿನದಲ್ಲಿ ತೆಗೆಯುತ್ತಾನೆ. ಯಾಕೆ ಹಾಕಿದ್ದು ಅಂತ ಗೊತ್ತಿದ್ದರೆ ಸ್ವಲ್ಪವಾದರೂ ನಿಲ್ಲುತ್ತದೆ. ಮೆನುಗಳ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಇಲ್ಲಿ ಹೇಳಿದ ಜಾಗದಲ್ಲಿ ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪಟ್ಟಿಯಲ್ಲಿ ಅದೇ ಪದ ಹಾಕಿ ನೋಡಿ.

ಹಂತ 1: ಹಣದ ದಾರಿ ಮುಚ್ಚಿ

ಮೊದಲು ಫೋನಿನ ಬೀಗದ ಪಿನ್ ಮತ್ತು ಯುಪಿಐ ಪಿನ್ ಬೇರೆ ಬೇರೆ ಇವೆಯೇ ನೋಡಿ. ಎಷ್ಟೋ ಜನರಿಗೆ ಎರಡೂ ಒಂದೇ, ಅದೂ ಮಗುವಿನ ಹುಟ್ಟಿದ ವರ್ಷ. ಅಂಗಡಿಯಲ್ಲಿ ನೀವು ಪಿನ್ ಒತ್ತುವಾಗ ಪಕ್ಕದಲ್ಲಿ ನಿಂತಿರುವುದು ಅದೇ ಮಗು.

ಆಮೇಲೆ ಬೆರಳಚ್ಚು. "ಪದೇ ಪದೇ ಎಬ್ಬಿಸುತ್ತಾನೆ" ಅಂತ ಮಗನ ಬೆರಳನ್ನೂ ಫೋನಿಗೆ ಸೇರಿಸಿಟ್ಟಿರುತ್ತೀರಿ. ಈಗ ಕೆಲವು ಆ್ಯಪ್‌ಗಳು ಪಿನ್ ಬದಲು ಬೆರಳಚ್ಚಿನಲ್ಲೇ ಪಾವತಿ ಒಪ್ಪುತ್ತವೆ. ಆ ಬೆರಳನ್ನು ಅಳಿಸಿ.

ಯುಪಿಐ ಲೈಟ್ ಇದೆಯೇ ನೋಡಿ. ಚಿಲ್ಲರೆ ಖರ್ಚಿಗೆಂದು ಸ್ವಲ್ಪ ಹಣ ತುಂಬಿಟ್ಟು, ಪಿನ್ ಒತ್ತದೆ ಕೊಡುವ ಸೌಲಭ್ಯ ಅದು. ದೊಡ್ಡವರಿಗೆ ಅನುಕೂಲ ಹೌದು, ಮಗು ಹಿಡಿಯುವ ಫೋನಿನಲ್ಲಿ ಅದು ತೆರೆದ ಗಲ್ಲಾಪೆಟ್ಟಿಗೆ. ಉಳಿದ ಹಣವನ್ನು ಬ್ಯಾಂಕಿಗೆ ವಾಪಸ್ ಹಾಕಿ, ಲೈಟ್ ನಿಲ್ಲಿಸಿ.

ಇನ್ನು ಆಟೋಪೇ. ಒಮ್ಮೆ ಒಪ್ಪಿಗೆ ಕೊಟ್ಟರೆ ತಿಂಗಳು ತಿಂಗಳು ತಾನೇ ಕಡಿತವಾಗುವ ವ್ಯವಸ್ಥೆ ಇದು. ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಡಿತಕ್ಕೆ ಮತ್ತೆ ಪಿನ್ ಕೇಳುವುದಿಲ್ಲ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಅನ್ನುವ ಪಟ್ಟಿ ತೆರೆದು, ಗುರುತು ಸಿಗದ್ದನ್ನೆಲ್ಲ ರದ್ದು ಮಾಡಿ. "ಮೊದಲ ವಾರ 1 ರೂಪಾಯಿ" ಅಂತ ಮಗು ಒತ್ತಿದ ಆಟದ ಚಂದಾ ಅಲ್ಲೇ ಕೂತಿರುತ್ತದೆ. ಕೊನೆಗೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಖರೀದಿಗೆ ದೃಢೀಕರಣ ಕೇಳುವ ಆಯ್ಕೆಯನ್ನು "ಪ್ರತಿ ಖರೀದಿಗೂ" ಎಂಬುದಕ್ಕೆ ಇಡಿ.

ಮಗುವಿಗೆ ಹೇಳಿಕೊಡಬೇಕಾದ ಒಂದು ಮಾತು: ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಬರುವುದಕ್ಕಲ್ಲ. "ಸ್ಕಾಲರ್‌ಶಿಪ್ ಹಣ ಬರಬೇಕಾದರೆ ಪಿನ್ ಹಾಕು" ಅಂದವನು ಕಳ್ಳ.

ಹಂತ 2: ಫೋನನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕಿ

ಹಂಚಿಕೊಂಡ ಫೋನಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ, ಆದರೂ ಹೆಚ್ಚಿನವರಿಗೆ ಇದು ಇದೆ ಅಂತಲೇ ಗೊತ್ತಿಲ್ಲ. ಆಂಡ್ರಾಯ್ಡ್‌ನಲ್ಲಿ ಸೆಕ್ಯುರಿಟಿ ವಿಭಾಗದೊಳಗೆ ಆ್ಯಪ್ ಪಿನ್ನಿಂಗ್ ಅಥವಾ ಸ್ಕ್ರೀನ್ ಪಿನ್ನಿಂಗ್ ಅಂತ ಇರುತ್ತದೆ. ಆನ್ ಮಾಡಿ, ಜತೆಗೆ "ಹೊರಬರಲು ಪಿನ್ ಕೇಳು" ಎಂಬುದನ್ನೂ ಆನ್ ಮಾಡಿ. ಈ ಎರಡನೆಯದನ್ನು ಮರೆತರೆ ಮೊದಲನೆಯದು ದಂಡ, ಮಗು ಒಂದೇ ಎಳೆತದಲ್ಲಿ ಹೊರಬರುತ್ತದೆ.

ಬಳಸುವ ರೀತಿ: ಯೂಟ್ಯೂಬ್‌ನಲ್ಲಿ ಪಾಠ ತೆರೆಯಿರಿ. ಇತ್ತೀಚಿನ ಆ್ಯಪ್‌ಗಳ ಸಾಲಿಗೆ ಹೋಗಿ, ಯೂಟ್ಯೂಬ್ ಚಿಹ್ನೆಯನ್ನು ಒತ್ತಿ, ಪಿನ್ ಆರಿಸಿ. ನಿಮ್ಮ ಪಿನ್ ಹಾಕುವ ತನಕ ಫೋನು ಆ ಆ್ಯಪ್ ಬಿಟ್ಟು ಬೇರೆಲ್ಲೂ ಹೋಗದು. ಐಫೋನ್‌ನಲ್ಲಿ ಇದೇ ಕೆಲಸಕ್ಕೆ ಆ್ಯಕ್ಸೆಸಿಬಿಲಿಟಿಯೊಳಗೆ ಗೈಡೆಡ್ ಆ್ಯಕ್ಸೆಸ್ ಇದೆ.

ಹಂತ 3: ಮಗುವಿಗೇ ಫೋನಿದ್ದರೆ ಫ್ಯಾಮಿಲಿ ಲಿಂಕ್

ಗೂಗಲ್‌ನ ಫ್ಯಾಮಿಲಿ ಲಿಂಕ್ ಪುಕ್ಕಟೆ. 13 ವರ್ಷದೊಳಗಿನ ಮಗುವಿನ ಗೂಗಲ್ ಖಾತೆಯನ್ನು ನೀವೇ ನಿಮ್ಮ ಖಾತೆಯ ಕೆಳಗೆ ತೆರೆಯಬೇಕು. ಹೊಸ ಆ್ಯಪ್‌ಗೆ ಒಪ್ಪಿಗೆ, ದಿನದ ಮಿತಿ, ರಾತ್ರಿ ಬೀಗ ಎಲ್ಲ ನಿಮ್ಮ ಫೋನಿನಿಂದಲೇ ಆಗುತ್ತದೆ. ರಾತ್ರಿ ಬೀಗವನ್ನು ಮೊದಲು ಹಾಕಿ. ದಿನಕ್ಕೆ ಎರಡು ಗಂಟೆಯೋ ಮೂರೋ ಅಂತ ಲೆಕ್ಕ ಹಾಕುವುದಕ್ಕಿಂತ, ಎಲ್ಲರೂ ಮಲಗಿದ ಮೇಲಿನ ಹೊತ್ತನ್ನು ಮುಚ್ಚುವುದು ಮುಖ್ಯ.

ಇಲ್ಲಿ ಎಡವುವ ಕಡೆಗಳು ಮೂರು. ಹೊಸ ಫೋನು ತಂದ ದಿನ ಗಡಿಬಿಡಿಯಲ್ಲಿ ನಿಮ್ಮದೇ ಖಾತೆ ಹಾಕಿ ಕೊಟ್ಟುಬಿಡುತ್ತೀರಿ. ಫೋನಿನ ಪ್ರಕಾರ ಆಗ ಅದನ್ನು ಬಳಸುತ್ತಿರುವವರು ನಲವತ್ತೆರಡರ ಗಂಡಸು. ಎರಡನೆಯದು ಸುಳ್ಳು ಹುಟ್ಟಿದ ತಾರೀಕು. ಅದರ ಬಗ್ಗೆ ಐದನೇ ಹಂತದಲ್ಲಿ ಹೇಳುತ್ತೇವೆ. ಮೂರನೆಯದು, ಫ್ಯಾಮಿಲಿ ಲಿಂಕ್ ಇದ್ದರೆ ಸಾಕು ಅನ್ನುವ ಭ್ರಮೆ. ವಾಟ್ಸ್ಆ್ಯಪ್‌ನೊಳಗೆ ಯಾರು ಏನು ಬರೆಯುತ್ತಾರೆ ಅಂತ ಅದು ತೋರಿಸುವುದಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋದಾಗ ದೊಡ್ಡಪ್ಪನ ಮಗನ ಫೋನು ಮಗುವಿನ ಕೈಗೆ ಬಂದರೆ ನಿಮ್ಮ ಬೀಗ ಮುಂಬಯಿಯಲ್ಲೇ ಉಳಿಯಿತು ಅನ್ನಿ. ರಜೆಗೆ ಮೊದಲು ಆ ಮನೆಯವರಿಗೂ ಒಂದು ಮಾತು ಹೇಳಿಡಿ.

ಹಂತ 4: ವಾಟ್ಸ್ಆ್ಯಪ್, ಮತ್ತು ಕ್ಲಾಸಿನ ಗ್ರೂಪು

ವಾಟ್ಸ್ಆ್ಯಪ್ ಖಾತೆ ತೆರೆಯಲು 13 ತುಂಬಿರಬೇಕು. ಅದಕ್ಕಿಂತ ಚಿಕ್ಕವರ ಕ್ಲಾಸ್ ಗ್ರೂಪಿಗೆ ಅಪ್ಪನದೋ ಅಮ್ಮನದೋ ನಂಬರ್ ಕೊಡಿ. ಹೆಣ್ಣುಮಕ್ಕಳ ನಂಬರನ್ನಂತೂ ದೊಡ್ಡ ಗ್ರೂಪಿಗೆ ಕೊಡಲೇಬೇಡಿ. ಅರವತ್ತು ಮಕ್ಕಳ ಗ್ರೂಪ್ ಅಂದರೆ ಅರವತ್ತು ಮನೆಗಳ ಅಣ್ಣ, ಮಾವ, ಬಾಡಿಗೆದಾರ ಎಲ್ಲರ ಕಣ್ಣಿಗೂ ಆ ನಂಬರ್ ಬಿದ್ದಂತೆ.

ಪ್ರೈವೆಸಿ ವಿಭಾಗದಲ್ಲಿ ಪ್ರೊಫೈಲ್ ಫೋಟೋ, ಲಾಸ್ಟ್ ಸೀನ್, ಗ್ರೂಪ್ಸ್ ಮೂರನ್ನೂ "ಮೈ ಕಾಂಟ್ಯಾಕ್ಟ್ಸ್" ಮಾಡಿ. ಕಾಲ್ಸ್ ಒಳಗೆ ಅಪರಿಚಿತರ ಕರೆ ಸದ್ದಿಲ್ಲದಂತೆ ಮಾಡುವ ಆಯ್ಕೆ ಇದೆ. ಅಪರಿಚಿತ ವಿಡಿಯೋ ಕಾಲ್ ಎತ್ತಿದ ಕೂಡಲೇ ಪರದೆಯಲ್ಲಿ ಬೆತ್ತಲೆ ದೃಶ್ಯ ತೋರಿಸಿ, ಮಗುವಿನ ಮುಖದ ಜತೆ ರೆಕಾರ್ಡ್ ಮಾಡಿಕೊಂಡು ಬೆದರಿಸುವ ದಂಧೆಗೆ ಇದೇ ಮೊದಲ ತಡೆ. ಅಕೌಂಟ್ ಒಳಗೆ ಟು-ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ, ಆರು ಅಂಕಿಯ ಪಿನ್ ಇಡಿ. "ನನ್ನ ಕೋಡ್ ತಪ್ಪಿ ನಿನಗೆ ಬಂದಿದೆ, ಕಳಿಸು" ಅಂತ ಗೆಳತಿಯ ನಂಬರಿನಿಂದಲೇ ಮೆಸೇಜ್ ಬಂದರೆ, ಗೆಳತಿಯ ಖಾತೆ ಆಗಲೇ ಕಳ್ಳನ ಕೈಯಲ್ಲಿದೆ ಅಂತ ಅರ್ಥ.

ತಿಂಗಳಿಗೊಮ್ಮೆ ಲಿಂಕ್ಡ್ ಡಿವೈಸಸ್ ತೆರೆದು ನೋಡಿ. ಸಹಪಾಠಿಯೊಬ್ಬ ತಮಾಷೆಗೆ ಫೋನು ಕಸಿದು, ತನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿಕೊಂಡಿದ್ದರೆ ಅಲ್ಲಿ ಕಾಣುತ್ತದೆ. ಮೀಡಿಯಾ ಆಟೋ-ಡೌನ್‌ಲೋಡ್ ನಿಲ್ಲಿಸಿ. ಮಕ್ಕಳು ನೋಡಬಾರದ ವಿಡಿಯೋ ಹೊರಗಿನ ಕಳ್ಳನಿಂದಲೇ ಬರಬೇಕೆಂದಿಲ್ಲ, ಮದುವೆ ಮನೆಯ ಗ್ರೂಪಿನಿಂದಲೂ ಬಂದೀತು.

ಗ್ರೂಪ್ ನಡೆಸುವ ಟೀಚರಿಗೆ ಪಿಟಿಎ ಮೀಟಿಂಗಿನಲ್ಲಿ ಕೇಳಬೇಕಾದದ್ದು: ಕ್ಲಾಸ್ ಗ್ರೂಪನ್ನು ವಾಟ್ಸ್ಆ್ಯಪ್ ಕಮ್ಯುನಿಟಿಯ ಅನೌನ್ಸ್‌ಮೆಂಟ್ ಗ್ರೂಪಾಗಿ ಮಾಡಿ. ಅದರಲ್ಲಿ ಅಡ್ಮಿನ್ ಮಾತ್ರ ಸೂಚನೆ ಹಾಕುತ್ತಾರೆ, ಸದಸ್ಯರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಅದಾಗದಿದ್ದರೆ ಹೊಸಬರನ್ನು ಸೇರಿಸಲು ಅಡ್ಮಿನ್ ಒಪ್ಪಿಗೆ ಬೇಕು ಎಂಬ ಆಯ್ಕೆಯಾದರೂ ಇರಲಿ. ಪ್ರತಿ ಜೂನ್‌ನಲ್ಲಿ ಹಳೆಯ ಇನ್ವೈಟ್ ಲಿಂಕ್ ರೀಸೆಟ್ ಆಗಬೇಕು. ಹೋದ ವರ್ಷದ ಲಿಂಕ್ ಎಲ್ಲೆಲ್ಲಿ ಸುತ್ತಿದೆಯೋ ಯಾರಿಗೆ ಗೊತ್ತು.

ಹಂತ 5: ಇನ್‌ಸ್ಟಾಗ್ರಾಂ, ಯೂಟ್ಯೂಬ್

13 ತುಂಬದವರಿಗೆ ಇನ್‌ಸ್ಟಾಗ್ರಾಂ ಇಲ್ಲ. ತುಂಬಿದವರಿಗೆ ಭಾರತದಲ್ಲಿ 2025ರ ಫೆಬ್ರವರಿಯಿಂದ ಟೀನ್ ಅಕೌಂಟ್ ಬಂದಿದೆ: ಖಾತೆ ತಾನಾಗಿಯೇ ಪ್ರೈವೇಟ್ ಆಗುತ್ತದೆ, ಅಪರಿಚಿತರು ಮೆಸೇಜ್ ಕಳಿಸಲಾಗದು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸ್ಲೀಪ್ ಮೋಡ್ (ನೋಟಿಫಿಕೇಷನ್ ಸದ್ದು ಬಂದ್), 16 ತುಂಬದವರು ಇದನ್ನು ಸಡಿಲಿಸಲು ನಿಮ್ಮ ಒಪ್ಪಿಗೆ ಬೇಕು. ಕೇಳಲು ಚೆಂದ. ಆದರೆ ಇವೆಲ್ಲ ನಿಂತಿರುವುದು ಹುಟ್ಟಿದ ತಾರೀಕಿನ ಮೇಲೆ. ಹನ್ನೊಂದನೇ ವಯಸ್ಸಿನಲ್ಲಿ ಖಾತೆ ತೆರೆಯಲು 1998 ಅಂತ ಹಾಕಿದ ಮಗು, ಇವತ್ತು ಹದಿನಾಲ್ಕಾದರೂ ಇನ್‌ಸ್ಟಾಗ್ರಾಂ ಪಾಲಿಗೆ ದೊಡ್ಡ ಮನುಷ್ಯ. ಅಕೌಂಟ್ಸ್ ಸೆಂಟರ್‌ನೊಳಗೆ ಪರ್ಸನಲ್ ಡೀಟೇಲ್ಸ್ ತೆರೆದು ತಾರೀಕು ನೋಡಿ, ಸರಿಮಾಡಿಸಿ. ಮಗು ನಿಜಕ್ಕೂ 13ರೊಳಗಿದ್ದರೆ ಖಾತೆ ಮುಚ್ಚುತ್ತದೆ, ಮುಚ್ಚಲಿ.

ಇನ್‌ಸ್ಟಾಗ್ರಾಂನ ಸೂಪರ್‌ವಿಷನ್, ಅಂದರೆ ನಿಮ್ಮ ಖಾತೆಯಿಂದ ಮಗುವಿನ ಖಾತೆಯ ಮೇಲೆ ಕಣ್ಣಿಡುವ ಸೌಲಭ್ಯ, ಜೋಡಿಸಿಕೊಂಡರೆ ಕಳೆದ ಏಳು ದಿನಗಳಲ್ಲಿ ಮಗು ಯಾರಿಗೆಲ್ಲ ಮೆಸೇಜ್ ಮಾಡಿದೆ ಎಂಬುದು ನಿಮಗೆ ಕಾಣುತ್ತದೆ, ಏನು ಬರೆದಿದೆ ಎಂಬುದು ಕಾಣುವುದಿಲ್ಲ. ಹದಿಹರೆಯದವರ ಮಟ್ಟಿಗೆ ಇದು ಸರಿಯಾದ ಅಳತೆ ಅಂತಲೇ ನಮ್ಮ ಅಭಿಪ್ರಾಯ.

ಮಕ್ಕಳಿಗೆ ಬೇಡದ ವಿಡಿಯೋಗಳನ್ನು ಸೋಸುವ ಯೂಟ್ಯೂಬ್‌ನ ರಿಸ್ಟ್ರಿಕ್ಟೆಡ್ ಮೋಡ್ ಹಾಕಿದ ಆ ಫೋನಿಗೆ, ಆ ಬ್ರೌಸರ್‌ಗೆ ಮಾತ್ರ. ಟಿವಿಯಲ್ಲಿ ಬೇರೆಯಾಗಿ ಹಾಕಬೇಕು.

ಹಂತ 6: ಫೋಟೋ

ಜೂನ್‌ನಲ್ಲಿ ಶಾಲೆ ಶುರುವಾದ ದಿನದ ಒಂದು ಫೋಟೋ ತೆಗೆದುಕೊಳ್ಳಿ. ಮಗಳು ಬಿಲ್ಡಿಂಗ್ ಗೇಟಿನ ಮುಂದೆ ನಿಂತಿದ್ದಾಳೆ. ದೊಡ್ಡದು ಮಾಡಿ ನೋಡಿ: ಯೂನಿಫಾರ್ಮ್ ಬ್ಯಾಡ್ಜ್‌ನಲ್ಲಿ ಶಾಲೆಯ ಹೆಸರು, ಕೊರಳ ಐಡಿ ಕಾರ್ಡ್‌ನಲ್ಲಿ ಪೂರ್ಣ ಹೆಸರು, ತರಗತಿ, ನಿಮ್ಮ ನಂಬರ್. ಹಿಂದೆ ಸೊಸೈಟಿಯ ಹೆಸರು, ವಿಂಗ್. ಬದಿಯಲ್ಲಿ ಸ್ಕೂಲ್ ಬಸ್ಸಿನ ನಂಬರ್. ಫೋಟೋ ಹಾಕಿದ ಹೊತ್ತು ಬೆಳಿಗ್ಗೆ 6.40. ಶಾಲೆಯ ಬಾಗಿಲಲ್ಲಿ ನಿಂತು "ಅಪ್ಪ ಕಳಿಸಿದ್ದಾರೆ, ಬಾ" ಅನ್ನಲು ಒಬ್ಬನಿಗೆ ಇನ್ನೇನು ಬೇಕು? ಕಾರ್ಡು ತೆಗೆದು, ಗೋಡೆಯ ಮುಂದೆ ನಿಲ್ಲಿಸಿ ತೆಗೆಯಿರಿ; ಸ್ಟೇಟಸ್‌ಗೆ ಹಾಕುವುದು ಸಂಜೆ ಇರಲಿ.

ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದಿಂದ ಜಾಗದ ಗುರುತು ಅಳಿಯುತ್ತದೆ, "ಡಾಕ್ಯುಮೆಂಟ್" ಆಗಿ ಕಳಿಸಿದರೆ ಉಳಿಯುತ್ತದೆ.

ಲೋಕಲ್‌ನಲ್ಲಿ ಕಾಲೇಜು, ಕ್ಲಾಸು ಅಂತ ಓಡಾಡುವ ಮಕ್ಕಳ ಫೋನಿನಲ್ಲಿ ಕ್ವಿಕ್ ಶೇರ್ ಅಥವಾ ಏರ್‌ಡ್ರಾಪ್ (ಹತ್ತಿರದ ಫೋನಿಗೆ ನೇರವಾಗಿ ಫೋಟೋ ಕಳಿಸುವ ಸೌಲಭ್ಯ) ಯಾರಿಂದ ಪಡೆಯಬಹುದು ಎಂಬುದು "ಎವ್ರಿವನ್" ಆಗಿದ್ದರೆ, ಅದೇ ಡಬ್ಬಿಯಲ್ಲಿ ನಿಂತ ಯಾರು ಬೇಕಾದರೂ ಹೊಲಸು ಚಿತ್ರ ಕಳಿಸಬಹುದು. "ಕಾಂಟ್ಯಾಕ್ಟ್ಸ್" ಮಾಡಿ. ಹತ್ತು ಸೆಕೆಂಡಿನ ಕೆಲಸ.

ಹಂತ 7: ಆಟದೊಳಗಿನ ಗೆಳೆಯ

ಮೊದಲು ಹಣದ ಮಾತು ಮುಗಿಸೋಣ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ದೊಡ್ಡವರಿಗೂ ಸೇರಿಸಿ ನಿಷೇಧಿಸಿದೆ. ಯಾರಾದರೂ ಅಂಥದ್ದರ ಎಪಿಕೆ ಕಳಿಸಿದರೆ ಹಾಕಿಕೊಳ್ಳಬಾರದು. ಪ್ಲೇ ಸ್ಟೋರ್ ದಾಟಿ ನೇರ ಬರುವ ಆ್ಯಪ್ ಕಡತವೇ ಎಪಿಕೆ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಅಂತ ಹೆಸರಿಟ್ಟುಕೊಂಡೂ ಬರುತ್ತದೆ, ಒಳಗೆ ಹೊಕ್ಕು ಓಟಿಪಿ ಓದುತ್ತದೆ.

ಇನ್ನು ಗ್ರೂಮಿಂಗ್. ಅಂದರೆ ಮಗುವಿನ ವಿಶ್ವಾಸ ಗಳಿಸಿ, ಮನೆಯವರಿಂದ ದೂರ ಮಾಡಿ, ಆಮೇಲೆ ಬಳಸಿಕೊಳ್ಳುವುದು. ಅದು ಹೀಗೆ ನಡೆಯುತ್ತದೆ. ಆಟದ ಚಾಟ್‌ನಲ್ಲಿ ಒಬ್ಬ: "ಮಸ್ತ್ ಆಡ್ತೀಯ. ಎಲ್ಲಿಯವನು? ಅರೆ, ನಾನೂ ಠಾಣೆ." ಎರಡು ದಿನ ಬರೀ ಆಟ. ಮೂರನೇ ದಿನ ಉಡುಗೊರೆ: ಆಟದ ವಜ್ರವೋ, ಹೊಸ ಅಂಗಿಯೋ. ಆಮೇಲೆ: "ಇಲ್ಲಿ ಬೇಡ, ಟೆಲಿಗ್ರಾಂಗೆ ಬಾ." ಆಮೇಲೆ: "ಮಮ್ಮಿ ಬೈತಾರಾ? ನನ್ ಹತ್ರ ಹೇಳು, ಅವರಿಗೆ ಹೇಳ್ಬೇಡ." ಕೊನೆಗೆ ಒಂದು ಫೋಟೋ ಕೇಳುತ್ತಾನೆ. ಇಲ್ಲಿ ಒಂದೊಂದು ಮಾತನ್ನೂ ಬೇರೆಯಾಗಿ ನೋಡಿದರೆ ತಪ್ಪೇನೂ ಕಾಣುವುದಿಲ್ಲ, ಅದೇ ಅದರ ಚಾಲಾಕಿ. ಹಾಗಾಗಿ "ಅಪರಿಚಿತರ ಜತೆ ಮಾತಾಡಬೇಡ" ಅಂದರೆ ಉಪಯೋಗವಿಲ್ಲ; ಮೂರನೇ ದಿನಕ್ಕೆ ಅವನು ಅಪರಿಚಿತನಲ್ಲ. ಮಗುವಿಗೆ ಮೂರು ಗುರುತು ಕಲಿಸಿ: ಪುಕ್ಕಟೆ ಉಡುಗೊರೆ, ಬೇರೆ ಆ್ಯಪ್‌ಗೆ ಕರೆಯುವುದು, ಮನೆಯಲ್ಲಿ ಹೇಳಬೇಡ ಅನ್ನುವುದು. ಎರಡು ಸೇರಿದರೆ ನಿಮ್ಮ ಹತ್ತಿರ ಬರಬೇಕು.

ಹಂತ 8: ಒಂದು ಕರಾರು

ಮಗು ನಿಮ್ಮ ಹತ್ತಿರ ಬರದಿರುವುದಕ್ಕೆ ಮುಖ್ಯ ಕಾರಣ ನಿಮ್ಮದೇ ಒಂದು ಬೆದರಿಕೆ: "ಏನಾದ್ರೂ ಆದ್ರೆ ಫೋನ್ ಕಿತ್ತುಕೊಳ್ತೀನಿ." ಬೆದರಿಸಿ ಹಣ ಕೀಳುವವನು ನಂಬಿಕೊಂಡಿರುವುದೂ ಅದನ್ನೇ. ಹಾಳೆ, ಪೆನ್ನು ಈಗ ತೆಗೆಯಿರಿ. ಮಗುವಿನ ಎದುರೇ ಬರೆದು ಸಹಿ ಹಾಕಿ: "ಆನ್‌ಲೈನ್‌ನಲ್ಲಿ ಏನೇ ಆದರೂ ನೀನಾಗಿ ಬಂದು ಹೇಳಿದರೆ ಹೊಡೆಯುವುದಿಲ್ಲ, ಫೋನ್ ಕಸಿಯುವುದಿಲ್ಲ, ಅಜ್ಜಿಗೆ, ನೆರೆಮನೆಗೆ ಹೇಳುವುದಿಲ್ಲ." ಕೆಳಗೆ ಮೂರು ನಂಬರ್ ಬರೆಯಿರಿ: ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930, ತುರ್ತಿಗೆ 112. ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಮೊದಲ ಸಲ ಮಗು ಬಂದು ಹೇಳಿದಾಗ ನೀವು ಮಾತು ತಪ್ಪಿದರೆ ಎರಡನೇ ಸಲ ಇರುವುದಿಲ್ಲ.

ಹಂತ 9: ಏನಾದರೂ ಆಗಿಯೇಬಿಟ್ಟರೆ

ಹಣ ಹೋಗಿದ್ದರೆ ಮೊದಲು 1930. ಆಗ ಕೈಯಲ್ಲಿರಬೇಕಾದದ್ದು: ಬ್ಯಾಂಕಿನ ಹೆಸರು, ಮೊತ್ತ, ಹೊತ್ತು, ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ, ಎದುರಿನವರ ಯುಪಿಐ ಐಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯಬೇಕು. ಬಾವನಿಗೆ ಫೋನ್ ಮಾಡಿ ಸಲಹೆ ಕೇಳುವುದು ಆಮೇಲೆ.

ಫೋಟೋ ಇಟ್ಟುಕೊಂಡು ಬೆದರಿಸುತ್ತಿದ್ದರೆ, ಹಣ ಕೊಡಬೇಡಿ. ಒಮ್ಮೆ ಕೊಟ್ಟವರ ಹತ್ತಿರ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಅಳಿಸುವುದು, ಕೂಡಲೇ ಬ್ಲಾಕ್ ಮಾಡುವುದು ಎರಡೂ ತಪ್ಪು. ಮೊದಲು ಬೆದರಿಕೆಯ ಮಾತು, ತಾರೀಕು, ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಇನ್‌ಸ್ಟಾಗ್ರಾಂನಲ್ಲಿ ಮೇಲೆ ಕಾಣುವ ಹೆಸರಲ್ಲ, ಯೂಸರ್‌ನೇಮ್ ಮತ್ತು ಪ್ರೊಫೈಲ್ ಲಿಂಕ್ ಬೇಕು. ಆಮೇಲೆ ರಿಪೋರ್ಟ್, ಕೊನೆಗೆ ಬ್ಲಾಕ್.

ಒಂದು ಎಚ್ಚರಿಕೆ ಮರೆಯಬೇಡಿ. ಮಗುವಿನ ನಗ್ನ ಚಿತ್ರವನ್ನು "ನೋಡಿ, ಹೀಗೆ ಮಾಡಿದ್ದಾರೆ" ಅಂತ ಪ್ರಿನ್ಸಿಪಾಲರಿಗೋ ಸಂಬಂಧಿಕರಿಗೋ ಫಾರ್ವರ್ಡ್ ಮಾಡಬಾರದು. ಅಂಥ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಇಟ್ಟುಕೊಳ್ಳುವುದೂ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ) ಅಡಿಯಲ್ಲಿ ಶಿಕ್ಷೆಗೆ ದಾರಿಯಾಗಬಹುದು ಎಂಬುದನ್ನು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಫೋನನ್ನು ಹಾಗೇ ಪೊಲೀಸರ ಮುಂದಿಡಿ. "ಅದು ಎಐ ಮಾಡಿದ ಸುಳ್ಳು ಫೋಟೋ, ಕೇಸ್ ಆಗಲ್ಲ" ಅಂತ ಯಾರಾದರೂ ಅಂದರೆ ಒಪ್ಪಬೇಡಿ; ನಿಜವಾದ ಮಗುವಿನಂತೆಯೇ ಕಾಣುವ ಕಂಪ್ಯೂಟರ್ ಚಿತ್ರವನ್ನೂ ಪೋಕ್ಸೊ ಸೇರಿಸಿಕೊಂಡಿದೆ. ಮಾಡಿದವನು ಅದೇ ಕ್ಲಾಸಿನ ಹುಡುಗನಾದರೂ ಅಪರಾಧವೇ, ವಿಚಾರಣೆ ಮಾತ್ರ ಬಾಲನ್ಯಾಯ ಮಂಡಳಿಯ ಮುಂದೆ. "ಶಾಲೆಯ ಹೆಸರು ಹಾಳಾಗುತ್ತೆ, ಒಳಗೇ ಮುಗಿಸೋಣ" ಅನ್ನುವವರಿಗೆ ಪೋಕ್ಸೊದ 19 ಮತ್ತು 21ನೇ ಕಲಂ ತೋರಿಸಿ: ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆ ಆಗಬಹುದು.

ಚಿತ್ರ ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಎಂಬ ಪುಕ್ಕಟೆ ಸೇವೆ ಇದೆ, 18ರೊಳಗಿದ್ದಾಗಿನ ಚಿತ್ರಗಳಿಗೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಹ್ಯಾಶ್, ಅಂದರೆ ಚಿತ್ರದ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಸೇವೆಗೆ ಸೇರಿದ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥ ಕಡೆ ಅದನ್ನು ಹುಡುಕಿ ತೆಗೆಯುತ್ತಾರೆ. ವಾಟ್ಸ್ಆ್ಯಪ್‌ನ ಖಾಸಗಿ ಚಾಟ್‌ನಲ್ಲಿ ಇದು ನಡೆಯದು.

ದೂರು ಕೊಡುವುದು ಎಲ್ಲಿ? ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗವಿದೆ. ಹೆಸರು ಹೇಳದೆಯೂ ಕೊಡಬಹುದು, ಆದರೆ ಆ ದೂರು ಏನಾಯಿತು ಅಂತ ಆಮೇಲೆ ನೋಡಲಾಗದು. ನಿಮ್ಮದೇ ಮಗುವಿನ ವಿಷಯವಾದರೆ ಹೆಸರು ಕೊಟ್ಟೇ ಮಾಡಿ. ಮುಂಬಯಿಯಲ್ಲಿ ಐದು ವಲಯಕ್ಕೂ ಒಂದೊಂದು ಸೈಬರ್ ಠಾಣೆ ಇದೆ, ಪುಣೆ ಮತ್ತು ಪಿಂಪ್ರಿ-ಚಿಂಚ್‌ವಡ್ ಬೇರೆ ಬೇರೆ ಕಮಿಷನರೇಟ್, ಗೋವಾದ ಸೈಬರ್ ಠಾಣೆ ರಿಬಂದರ್‌ನಲ್ಲಿ. ದೂರವಾದರೆ ಹತ್ತಿರದ ಯಾವ ಠಾಣೆಯಾದರೂ ಸರಿ. "ನಮ್ಮ ಹದ್ದಿಯಲ್ಲ" ಅಂದರೆ ಜೀರೋ ಎಫ್‌ಐಆರ್ ಕೇಳಿ. ಅವರು ಬರೆದುಕೊಂಡು ಸರಿಯಾದ ಠಾಣೆಗೆ ಕಳಿಸಬೇಕು.

ಮಗುವನ್ನು ಠಾಣೆಗೆ ಎಳೆದುಕೊಂಡು ಹೋಗಬೇಕಿಲ್ಲ. ಪೋಕ್ಸೊದ 24ನೇ ಕಲಂ ಪ್ರಕಾರ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಹೇಳಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ಯೂನಿಫಾರ್ಮ್ ಇಲ್ಲದೆ ಬಂದು ಬರೆದುಕೊಳ್ಳಬೇಕು. 26ನೇ ಕಲಂ ಪ್ರಕಾರ ನೀವು ಅಥವಾ ಮಗು ನಂಬುವ ಒಬ್ಬರು ಜತೆಗಿರಬೇಕು. ಅದೇ ಕಲಂನಲ್ಲಿ ದುಭಾಷಿಯ ನೆರವು ಪಡೆಯುವ ಅವಕಾಶವಿದೆ. ಶಾಲೆಯಲ್ಲಿ ಮರಾಠಿ, ಗೆಳೆಯರ ಜತೆ ಹಿಂದಿ ಆಡುವ ಮಗು ಇಂಥ ಮಾತನ್ನು ಕನ್ನಡದಲ್ಲೋ ತುಳುವಿನಲ್ಲೋ ಮಾತ್ರ ಬಾಯಿಬಿಟ್ಟೀತು, ಮೊದಲೇ ಕೇಳಿ. ಮಹಾರಾಷ್ಟ್ರದಲ್ಲಿ ಎಫ್‌ಐಆರ್ ಮರಾಠಿಯಲ್ಲಿರುತ್ತದೆ. ಪೂರ್ತಿ ಓದಿ ಹೇಳಿಸಿಕೊಂಡು, ಯೂಸರ್‌ನೇಮ್, ನಂಬರ್, ತಾರೀಕು ಸರಿಯಿವೆಯೇ ನೋಡಿದ ಮೇಲೆಯೇ ಸಹಿ ಹಾಕಿ. ಪ್ರತಿಗೆ ದುಡ್ಡಿಲ್ಲ, ಅಲ್ಲೇ ಕೇಳಿ ತೆಗೆದುಕೊಳ್ಳಿ.